ಬತ್ತಿ ಹಚ್ಚುವ ಮೊದಲಿನ ಕೂಗು

“ಸರ್, ಹೆಸರಿಲ್ಲದೆ ಸ್ಪರ್ಧೆಗೆ ಹೋಗಬಹುದೇ?” ಎಂದು ಸಿಂಚನಾ ಕೇಳಿದಳು.

ಅವಳೂ ನಾಲ್ವರು ಸಹಪಾಠಿಗಳೂ ಸೇರಿ ಹೊಸದಾಗಿ ಒಂದು ರೊಬೊಟ್ ತಂಡ ಕಟ್ಟಿದ್ದರು. ರೊಬೊಟ್ ಸಿದ್ಧವಾಗಿತ್ತು. ಅರ್ಜಿಯಲ್ಲಿ ತಂಡದ ಹೆಸರಿನ ಜಾಗ ಮಾತ್ರ ಖಾಲಿ ಇತ್ತು. ಅರ್ಜಿ ಕಳಿಸಲು ಅಂದೇ ಕೊನೆಯ ದಿನ.

“ಏಕೆ, ಹೆಸರು ಸಿಗಲಿಲ್ಲವೇ?” ಎಂದು ಮೇಷ್ಟ್ರು ಕೇಳಿದರು.

“ಸಿಕ್ಕಿವೆ ಸರ್. ಇಡುವುದಕ್ಕೆ ಭಯ. ಹೋದ ವರ್ಷ ಮೇಲಿನ ತರಗತಿಯವರು ‘ಅಜೇಯ’ ಅಂತ ಹೆಸರಿಟ್ಟುಕೊಂಡು ಹೋದರು. ಮೊದಲ ಸುತ್ತಿನಲ್ಲೇ ಅವರ ರೊಬೊಟ್ ಮೇಜಿನಿಂದ ಕೆಳಗೆ ಬಿತ್ತು. ಇವತ್ತಿಗೂ ಅವರು ಎದುರಾದರೆ ‘ಅಜೇಯ ಬಂತು, ಹಿಡ್ಕೊಳ್ರೋ, ಬಿದ್ದೀತು’ ಅಂತ ಎಲ್ಲರೂ ನಗುತ್ತಾರೆ. ನಾವು ‘ಮಿಂಚು’ ಅಂತ ಇಟ್ಟು, ನಮ್ಮದು ತೆವಳಿದರೆ?”

“ಹಾಗಾದರೆ ‘ಆಮೆ’ ಅಂತ ಇಡಿ.”

“ಗೆದ್ದರೂ ಆಮೆ ಅಂತಲೇ ಅನ್ನಿಸಿಕೊಳ್ಳಬೇಕು. ಬರೀ ಒಂದು ಸಂಖ್ಯೆ ಹಾಕಿ ಕಳಿಸಿಬಿಡುತ್ತೇವೆ ಸರ್. ಸಂಖ್ಯೆಯನ್ನು ಯಾರೂ ಆಡಿಕೊಳ್ಳುವುದಿಲ್ಲ.”

ಮೇಷ್ಟ್ರು ಅರ್ಜಿಯನ್ನು ತೆಗೆದುಕೊಂಡು ಒಮ್ಮೆ ನೋಡಿದರು. ಅದನ್ನು ಮೇಜಿನ ಮೇಲಿಟ್ಟು ಈ ಕತೆ ಹೇಳಿದರು.

ಒಂದು ಕಲ್ಲುಗಣಿಯಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಅವನ ಹೆಂಡತಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಮೊದಲ ಮಗುವಿಗೆ ಅವರು ಮನೆದೇವರ ಹೆಸರಿಟ್ಟರು. ವರ್ಷ ತುಂಬುವ ಮೊದಲೇ ಅದು ತೀರಿಕೊಂಡಿತು. ಒಳ್ಳೆಯ ಹೆಸರಿನ ಮೇಲೆ ಯಮನ ಕಣ್ಣು ಬಿತ್ತು ಎಂದು ಹಿರಿಯರು ಹೇಳಿದರು. ಎರಡನೆಯ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆದರು. ಯಾರಿಗೂ ಬೇಡದ ಮಗುವೆಂದು ತಿಳಿದು ಯಮ ಹಾಗೇ ಮುಂದೆ ಹೋಗುತ್ತಾನೆ ಎಂಬುದು ನಂಬಿಕೆ. ತಿಪ್ಪನೂ ಉಳಿಯಲಿಲ್ಲ.

ಮೂರನೆಯದು ಹೆಣ್ಣು. ಅದಕ್ಕೆ ಅವರು ಹೆಸರೇ ಇಡಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ಅದರ ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ. ಮನೆಯಲ್ಲಿ ‘ಅದು’ ಎನ್ನುತ್ತಿದ್ದರು. ಅದು ಉಂಡಿತೇ, ಅದು ಮಲಗಿತೇ. ಬೇಕಾದಾಗ ಕೈಹಿಡಿದು ಎಳೆದುಕೊಳ್ಳುತ್ತಿದ್ದರು, ಕರೆಯುತ್ತಿರಲಿಲ್ಲ. ನೆರೆಯವಳು ಒಮ್ಮೆ “ಬಾರೇ ಪುಟ್ಟಿ” ಎಂದಾಗ ತಾಯಿ ಓಡಿಬಂದು ಅವಳ ಬಾಯಿ ಮುಚ್ಚಿದಳು. ಮಗು ಕೆಮ್ಮಿದರೆ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು.

ತಂದೆಯ ಮನಸ್ಸಿನಲ್ಲಿ ಮಾತ್ರ ಒಂದು ಹೆಸರಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಒಬ್ಬನೇ ಇದ್ದಾಗಲೂ ತುಟಿಗೆ ತಂದಿರಲಿಲ್ಲ.

ಆ ಗಣಿಯಲ್ಲಿ ಒಂದು ಕಟ್ಟಳೆ ಇತ್ತು. ಬಂಡೆಗೆ ಕುಳಿ ಕೊರೆದು ಸಿಡಿಮದ್ದು ತುಂಬಿದ ಮೇಲೆ, ಬತ್ತಿಗೆ ಬೆಂಕಿ ಹಚ್ಚುವ ಮೊದಲು, ಮೇಸ್ತ್ರಿ ಗಣಿಯ ಅಂಚಿನಲ್ಲಿ ನಿಂತು ಎಲ್ಲರ ಹೆಸರು ಕೂಗುತ್ತಿದ್ದ. ಆಳುಗಳ ಹೆಸರು, ಅವರ ಜೊತೆ ಬಂದ ಮಕ್ಕಳ ಹೆಸರು. ಒಬ್ಬೊಬ್ಬರೂ ಮೇಲೆ ಬಂದು ಓಗೊಡಬೇಕು. ಒಂದು ಹೆಸರಿಗೆ ಉತ್ತರ ಬರದಿದ್ದರೂ ಬೆಂಕಿ ಹಚ್ಚುವಂತಿಲ್ಲ.

ಮಗು ನಡೆಯಲು ಕಲಿತಾಗ ಮೇಸ್ತ್ರಿ ತಾಯಿಯನ್ನು ಕೇಳಿದ. “ಇದನ್ನು ಏನೆಂದು ಕೂಗಲಮ್ಮ? ನಮ್ಮ ಮನೆಯ ಎಮ್ಮೆಗೂ ಒಂದು ಹೆಸರಿದೆ.”

“ಕೂಗಬೇಡಣ್ಣ, ನಿನ್ನ ದಮ್ಮಯ್ಯ. ಅದು ನನ್ನ ಸೆರಗು ಬಿಟ್ಟು ಹೋಗುವುದಿಲ್ಲ.”

“ಒಂದು ದಿನ ಬಿಟ್ಟರೆ?”

“ಹೆಸರಿಟ್ಟ ಎರಡನ್ನೂ ಯಮ ಕರೆದುಕೊಂಡು ಹೋದ. ಮೂರನೆಯದೊಂದು ಇದೆ ಎಂದು ಅವನಿಗೆ ಗೊತ್ತಾಗುವುದು ಬೇಡ.”

ಮೇಸ್ತ್ರಿ ಮತ್ತೆ ಕೇಳಲಿಲ್ಲ.

ಮಗುವಿಗೆ ನಾಲ್ಕು ವರ್ಷವಾಯಿತು. ಒಂದು ಮಧ್ಯಾಹ್ನ ಮದ್ದು ತುಂಬಿದರು. ಮೇಸ್ತ್ರಿ ಇಪ್ಪತ್ತಮೂರು ಹೆಸರು ಕೂಗಿದ. ಇಪ್ಪತ್ತಮೂರು ದನಿಗಳು ಓಗೊಟ್ಟವು. ಒಬ್ಬ ಬತ್ತಿಗೆ ಬೆಂಕಿ ಹಚ್ಚಿ ಓಡಿ ಮೇಲೆ ಬಂದ.

ತಾಯಿ ಆಗ ತಿರುಗಿ ಗಂಡನನ್ನು ನೋಡಿದಳು. ಮಗು ಅವನ ಬಳಿ ಇದೆ ಎಂದು ಅವಳು ತಿಳಿದಿದ್ದಳು. ಅವಳ ಬಳಿ ಇದೆ ಎಂದು ಅವನು ತಿಳಿದಿದ್ದ. ಮಗು ಗಣಿಯ ತಳದಲ್ಲಿತ್ತು. ಒಂದು ದೊಡ್ಡ ಬಂಡೆ ಅಡ್ಡವಿದ್ದುದರಿಂದ ಬೆಂಕಿ ಹಚ್ಚಿದವನಿಗೆ ಕಂಡಿರಲಿಲ್ಲ. ಅದು ಎಲ್ಲರಿಗೂ ಬೆನ್ನು ಹಾಕಿ ಕೂತು ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತಿತ್ತು. ಬಂಡೆಯ ಆಚೆ ಬತ್ತಿ ಉರಿಯುತ್ತಿತ್ತು. ಅಲ್ಲಿಗೆ ಹೋಗಿ ಆರಿಸುವಷ್ಟು ಹೊತ್ತು ಉಳಿದಿರಲಿಲ್ಲ. ಮಗು ಎದ್ದು ಈ ಕಡೆ ಓಡಿಬಂದರೆ ಸಾಕಿತ್ತು.

ತಾಯಿ ಬಾಯಿ ತೆರೆದಳು. ಕೂಗಲು ಅವಳ ಬಾಯಲ್ಲಿ ಏನೂ ಇರಲಿಲ್ಲ. ಅಂಚಿನಲ್ಲಿದ್ದವರೆಲ್ಲ “ಏಯ್”, “ಹೋಯ್” ಎಂದು ಅರಚಿದರು. ದಿನವಿಡೀ ಅಂಥ ಕೂಗುಗಳ ನಡುವೆ ಬೆಳೆದ ಮಗು ಅದು. ಅವು ಎಂದೂ ತನಗಾಗಿ ಇದ್ದವಲ್ಲ. ಅದು ತಿರುಗಲಿಲ್ಲ.

ಆಗ ತಂದೆ ನಾಲ್ಕು ವರ್ಷದಿಂದ ಮನಸ್ಸಿನಲ್ಲಿಟ್ಟಿದ್ದ ಹೆಸರನ್ನು ಕೂಗಿದ. ಗಂಟಲು ಹರಿಯುವಂತೆ ಮೂರು ಸಲ ಕೂಗಿದ. ಮಗುವಿಗೆ ಕೇಳಿಸಿತು. ಇನ್ನಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅದು ಮತ್ತೊಂದು ಕಲ್ಲು ಎತ್ತಿಕೊಂಡಿತು.

ಅವನು ಕೆಳಗೆ ಹಾರಿದ. ಬಿದ್ದು, ಎದ್ದು, ಓಡಿದ. ಮಗುವನ್ನು ಎದೆಯ ಕೆಳಗೆ ಹಾಕಿಕೊಂಡು ಬೋರಲು ಬಿದ್ದ. ಮದ್ದು ಸಿಡಿಯಿತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

“ಮಗು ಏನಾಯಿತು ಸರ್?” ಎಂದಳು ಸಿಂಚನಾ.

“ಉಳಿಯಿತು. ತಂದೆಯೂ ಉಳಿದ. ಅವನ ಎರಡೂ ಕಿವಿ ಕಿವುಡಾದವು. ಮರುದಿನದಿಂದ ಮೇಸ್ತ್ರಿ ಇಪ್ಪತ್ತನಾಲ್ಕು ಹೆಸರು ಕೂಗುತ್ತಿದ್ದ. ಕೊನೆಯ ಹೆಸರಿಗೆ ಮಗು ಓಗೊಟ್ಟಾಗ ಅದರ ಬಾಯಿ ಆಡುವುದನ್ನು ತಂದೆ ನೋಡುತ್ತ ನಿಲ್ಲುತ್ತಿದ್ದ.”

ಸಿಂಚನಾ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಪೆನ್ನು ತೆರೆದಳು.

“ಅವನು ಕೂಗಿದ ಹೆಸರು ಯಾವುದು ಸರ್? ಒಳ್ಳೆಯ ಹೆಸರೇ?”

“ಮೊದಲೇ ಇಟ್ಟಿದ್ದರೆ, ಯಾವ ಹೆಸರಿಗಾದರೂ ಆ ಮಗು ತಿರುಗಿ ನೋಡುತ್ತಿತ್ತು.”