ನೆಲ್ಲಿಗುಡ್ಡದ ಒಂದೇ ಕಲ್ಲು

ಒಂದು ಕಾಡಿನಲ್ಲಿ, ನೆಲ್ಲಿಗುಡ್ಡ ಎಂಬ ಪುಟ್ಟ ಗುಡ್ಡದ ಒಸರಿಗೆ, ಬೆಳ್ಳಂಬೆಳಿಗ್ಗೆ ಎರಡು ಕಾಡುಕೋಣಗಳು ಬಂದವು. ನೀರು ಕುಡಿಯಲಿಲ್ಲ. ಒಸರಿನ ಸುತ್ತ ಹೆಜ್ಜೆ ಹಾಕುತ್ತ ಅಳತೆ ಮಾಡತೊಡಗಿದವು.

ನೀರಿಗೆ ಬಂದಿದ್ದ ಮುಳ್ಳುಹಂದಿ ದುಗ್ಗಜ್ಜಿ ನಿಂತು ನೋಡಿದಳು. ಗುಡ್ಡದಲ್ಲಿ ಅವಳೇ ಹಿರಿಯಳು.

“ಏನಪ್ಪಾ ಇದು?”

“ಅಳತೆ, ಅಜ್ಜಿ. ಇಲ್ಲೊಂದು ಕೆಸರುಹೊಂಡ ಮಾಡ್ತೀವಿ. ನಾವು ಹೊರಳಾಡೋಕೆ.”

“ನಾವು ಕುಡಿಯೋ ನೀರು ಇದು.”

“ಇನ್ನು ಮೇಲೆ ಅಲ್ಲ. ಗುಡ್ಡದವರೆಲ್ಲ ಹೊಳೆಯಾಚೆ ಸುಡುಬಂಡೆಗೆ ಹೋಗಬೇಕು. ಮಹಾಸಭೇಲಿ ಠರಾವಾಗಿದೆ.”

“ನಮ್ಮನ್ನ ಕೇಳದೇನೇ?”

“ಕೇಳಿದ್ವಲ್ಲ! ನಿಮ್ಮ ಸದಸ್ಯ ನರಿ ಒಪ್ಪಿದ್ದಾನೆ. ಮೊದಲ ಓದು ಮುಗೀತು. ನಾಡಿದ್ದು ಎರಡನೇ ಓದು. ಅದಾದ ಮೇಲೆ ಅಗೆಯೋದೇ.”

ದುಗ್ಗಜ್ಜಿಯ ಮೈಮೇಲಿನ ಮುಳ್ಳೆಲ್ಲ ನೆಟ್ಟಗಾದವು.

ಕಾಡಿಗೆಲ್ಲ ಒಂದೇ ಮಹಾಸಭೆ. ಹೊಳೆದಂಡೆಯ ಬಯಲಿನಲ್ಲಿ ಅದಕ್ಕೆ ನಲವತ್ತು ಕಲ್ಲು. ಒಂದು ಕಲ್ಲಿಗೆ ಒಬ್ಬ ಸದಸ್ಯ. ತಲೆ ಎಣಿಸಿ ಕಲ್ಲು ಹಂಚಿದ್ದರು. ಕೋಣಗಳ ಕಣಿವೆಗೆ ಹನ್ನೆರಡು. ನೆಲ್ಲಿಗುಡ್ಡಕ್ಕೆ ಮೊದಮೊದಲು ಒಂದೂ ಇರಲಿಲ್ಲ. ಅದನ್ನು ಕಣಿವೆಯ ಬಾಲಕ್ಕೆ ಕಟ್ಟಿ ಸುಮ್ಮನಾಗಿದ್ದರು. ದುಗ್ಗಜ್ಜಿಯ ತಾತ ಮೂರು ಮಳೆಗಾಲ ಸಭೆಯ ಅಂಚಿನಲ್ಲಿ ಕೂತ. ನೆನೆದ. ಕೆಮ್ಮಿದ. ಅವನ ಕೆಮ್ಮು ಕೇಳಿ ಕೇಳಿ ಸಾಕಾಗಿ ಸಭೆ ಒಂದು ಕಲ್ಲು ಕೊಟ್ಟಿತು. ಜೊತೆಗೆ ಒಂದು ಕಟ್ಟಳೆಯನ್ನೂ ಮಾಡಿತು. ಯಾವ ಜಾಗದ ವಿಷಯವೋ ಆ ಜಾಗದ ಸದಸ್ಯ ಒಪ್ಪದೆ ಠರಾವಿಲ್ಲ. ಬೇಡ ಎನ್ನುವವನು ಎದ್ದು ನಿಲ್ಲಬೇಕು. ಕೂತೇ ಇದ್ದರೆ ಒಪ್ಪಿದಂತೆ.

ಎದ್ದು ನಿಂತರೆ ಸಾಕು. ಅಷ್ಟು ಮಾಡುವವರೂ ಗುಡ್ಡಕ್ಕೆ ಸಿಗಲಿಲ್ಲ.

ಮೊದಲು ಆಮೆಯನ್ನು ಕಳಿಸಿದರು. ಪ್ರಾಮಾಣಿಕ. ಬೇಸಿಗೆಯ ಸಭೆಗೆ ಹೊರಟು ಚಳಿಗಾಲದ ಸಭೆಗೆ ತಲುಪಿದ. ಆಮೇಲೆ ನವಿಲು ಹೋದ. ಸೊಗಸಾಗಿ ಮಾತಾಡಿದ, ತನ್ನ ಗರಿಯ ಬಗ್ಗೆ. ಅಷ್ಟರಲ್ಲಿ ಗುಡ್ಡದ ಮೂಡಣ ದಿಕ್ಕಿನ ಹುಲ್ಲು ಜಿಂಕೆಗಳ ಪಾಲಾಯಿತು. ಅವನನ್ನೇ ಮೂರು ಸಲ ಆರಿಸಿದರು! ಆಮೇಲೆ ಮೊಲ ಪುಟ್ಟೀರನ ಸರದಿ. ಪಕ್ಕದ ಕಲ್ಲು ಹುಲಿಯದು. ಪುಟ್ಟೀರ ಐದು ವರ್ಷ ಏಳುವುದಿರಲಿ, ಜೋರಾಗಿ ಉಸಿರೂ ಬಿಡಲಿಲ್ಲ. ಗುಡ್ಡದ ಬಿದಿರು ಆನೆಗಳಿಗೆ ಹೋಯಿತು.

ಸದಸ್ಯ ಊರಿಗೆ ಬಂದಾಗಲೆಲ್ಲ ಗುಡ್ಡದವರು ಹಾರ ಹಾಕಿದರು. ಹೆಗಲ ಮೇಲೆ ಹೊತ್ತರು. “ಅಲ್ಲಿ ಏನು ಮಾಡಿದೆ?” ಎಂದು ಒಬ್ಬರೂ ಕೇಳಲಿಲ್ಲ. ದುಗ್ಗಜ್ಜಿ ತಲೆ ಚಚ್ಚಿಕೊಂಡಳು. ಅವಳಿಗೂ ಕೇಳಬೇಕೆಂದು ಹೊಳೆಯಲಿಲ್ಲ.

ಕೊನೆಗೆ ಎಲ್ಲಿಂದಲೋ ನರಿ ಬಂದ. ಗುಡ್ಡದಲ್ಲಿ ಬಿಲ ಇದ್ದವನು ಗುಡ್ಡದವನು ಎಂಬುದು ಅಲ್ಲಿಯ ರೂಢಿ. ಬೇರೆಯವರ ಬಿಲಕ್ಕೆ ಇಣುಕಬಾರದು ಎಂಬುದು ಮರ್ಯಾದೆ. ನರಿ ಎರಡನ್ನೂ ಬೇಗ ಕಲಿತ. ಒಂದು ಬಿಲ ತೋಡಿ, ಅದರ ಬಾಯಿಯ ಸುತ್ತ ಬಿಳಿಕಲ್ಲು ಜೋಡಿಸಿದ.

“ದೊಡ್ಡವರ ಜೊತೆ ಮಾತಾಡೋದು ನನಗೆ ಗೊತ್ತು. ನಿಮ್ಮ ಕಷ್ಟ ನಾನು ಹೇಳ್ತೀನಿ” ಎಂದ.

ಆರಿಸಿದರು.

ಈಗ ದುಗ್ಗಜ್ಜಿ ಆ ಬಿಲದ ಮುಂದೆ ನಿಂತು ಕೂಗಿದಳು. “ನರೀ, ಹೊರಗೆ ಬಾ!”

ಅವಳು ಬಿಲಕ್ಕೆ ತಲೆ ಹಾಕಿದಳು.

“ಅಜ್ಜೀ, ಛೇ! ಇಣುಕಬಾರದು” ಎಂದ ಹಿಂದೆಯೇ ಓಡಿಬಂದ ಪುಟ್ಟೀರ. “ಮರ್ಯಾದೆ ಅಲ್ಲ.”

“ಮರ್ಯಾದೆ ಸುಡುಬಂಡೇಲಿ ನೋಡ್ಕೊಳ್ಳೋಣ.”

ಅವಳ ಮೂಗು ಮಣ್ಣಿಗೆ ಬಡಿಯಿತು. ಬಿಲ ಒಂದು ಗೇಣು ಆಳವೂ ಇರಲಿಲ್ಲ. ನರಿಯಿರಲಿ, ನರಿಯ ಬಾಲವೂ ಅದರಲ್ಲಿ ಹಿಡಿಯುತ್ತಿರಲಿಲ್ಲ. ಒಳಗೊಂದು ಜೇಡ ಬಲೆ ಕಟ್ಟಿಕೊಂಡು ಕೂತಿತ್ತು.

“ಎಷ್ಟು ವರ್ಷದಿಂದ ಇವನು ನಮ್ಮವನು?”

“ಮೂರು, ಅಜ್ಜಿ.”

“ಮೂರು ವರ್ಷದಲ್ಲಿ ಒಬ್ಬರಾದರೂ ಇಣುಕಬಾರದಿತ್ತೇನೋ?”

“ಇಣುಕಿದರೆ ಏನಂದ್ಕೊಳ್ತಾರೋ ಅಂತ…”

“ಯಾರು? ಜೇಡನಾ?”

ಪುಟ್ಟೀರ ಕಿವಿ ಇಳಿಬಿಟ್ಟ. ದುಗ್ಗಜ್ಜಿ ಆ ಕ್ಷಣವೇ ಹೊರಟಳು. ಎರಡು ದಿನದ ದಾರಿ. ಉದ್ದಕ್ಕೂ ನರಿಗೆ ಹೇಳಬೇಕಾದ ಮಾತುಗಳನ್ನು ಹಲ್ಲಿನಲ್ಲಿ ಕಡಿಯುತ್ತ ನಡೆದಳು. ಸಭೆ ತಲುಪುವಷ್ಟರಲ್ಲಿ ಅವು ನೂರು ದಾಟಿದ್ದವು.

ಅಂಚಿನಲ್ಲಿ ಕಾವಲಿಗಿದ್ದ ಕೊಕ್ಕರೆ ತಡೆದ.

“ಹೊರಗಿನವರು ಮಾತಾಡೋ ಹಾಗಿಲ್ಲ. ಬೇಕಾದರೆ ನಿಮ್ಮ ಸದಸ್ಯನಿಗೆ ಒಂದು ಪ್ರಶ್ನೆ ಕೇಳಬಹುದು. ಒಂದೇ. ಬೈಯೋ ಹಾಗಿಲ್ಲ.”

“ಬೈಯದೆ ಹೇಗಪ್ಪಾ ಕೇಳೋದು?”

“ಗೊತ್ತಿಲ್ಲ, ಅಜ್ಜಿ. ಇಲ್ಲೀತನಕ ಯಾರೂ ಕೇಳಿಲ್ಲ.”

ಒಳಗೆ ಎರಡನೇ ಓದು ಶುರುವಾಗಿತ್ತು. ನೆಲ್ಲಿಗುಡ್ಡದ ಕಲ್ಲಿನ ಮೇಲೆ ನರಿ ಕಾಲುಚಾಚಿ ಕೂತಿದ್ದ. ದಪ್ಪಗಾಗಿದ್ದ. ಸಭೆ ನಡೆಸುತ್ತಿದ್ದ ಹಿರಿಯಾನೆ ಠರಾವು ಓದಿ ಮುಗಿಸಿದ.

“ಒಸರು ಕೋಣಗಳಿಗೆ. ಗುಡ್ಡದವರೆಲ್ಲ ಸುಡುಬಂಡೆಗೆ. ನೆಲ್ಲಿಗುಡ್ಡದ ಸದಸ್ಯ ಯಾರು?”

“ನಾನೇ, ಸ್ವಾಮಿ” ಎಂದ ನರಿ. “ನನ್ನ ಬಿಲ ಗುಡ್ಡದಲ್ಲೇ. ನನ್ನ ಜೀವ ಗುಡ್ಡದಲ್ಲೇ.”

ಹೇಳಿದವನು ಕೂತೇ ಇದ್ದ.

“ಪ್ರಶ್ನೆ ಇದೆ” ಎಂದು ದುಗ್ಗಜ್ಜಿ ಕೂಗಿದಳು.

ನಲವತ್ತು ತಲೆಗಳೂ ಅವಳತ್ತ ತಿರುಗಿದವು. ನರಿ ಮಾತ್ರ ಹಲ್ಲು ಕಿರಿದ.

“ಏನಜ್ಜಿ, ಇಷ್ಟು ದೂರ ನಡೆದುಬಂದ್ರಾ? ಹೇಳಿಕಳಿಸಿದ್ದರೆ ನಾನೇ ಬರ್ತಿದ್ದೆ. ಎಲ್ಲ ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು. ಸುಡುಬಂಡೇಲಿ ಗಾಳಿ ಬಹಳ ಚೆನ್ನಾಗಿದೆ.”

ದುಗ್ಗಜ್ಜಿಯ ಬಾಯಿಗೆ ನೂರು ಮಾತು ಒಟ್ಟಿಗೆ ಬಂದವು. ನುಂಗಿದಳು. ನಿನ್ನ ಬಿಲ ಎಷ್ಟು ಆಳ ಎಂದು ಕೇಳಿದರೆ ಹತ್ತು ಮೊಳ ಅನ್ನುತ್ತಾನೆ. ಯಾಕೆ ಒಪ್ಪಿದೆ ಎಂದರೆ ಸಂಜೆಯವರೆಗೆ ಭಾಷಣ ಮಾಡುತ್ತಾನೆ. ಅವಳಿಗೆ ಬೇಸರ ಬಂತು. ನಡೆದು ಕಾಲೂ ನೋಯುತ್ತಿತ್ತು. ಇನ್ನೂ ಹೊಳೆ ದಾಟುವುದು ಬೇರೆ ಇದೆಯಲ್ಲ ಎನಿಸಿತು.

“ಗುಡ್ಡದವರೆಲ್ಲ ಸುಡುಬಂಡೆಗೆ ಹೋಗಬೇಕಂತಲ್ಲ. ನೀನು ಯಾವತ್ತು ಹೊರಡ್ತೀಯ?”

“ನಾನಾ?” ನರಿ ನಕ್ಕ.

ಬೇರೆ ಯಾರೂ ನಗಲಿಲ್ಲ. ಹಿರಿಯಾನೆ ಠರಾವನ್ನು ಮತ್ತೊಮ್ಮೆ ಓದಿ ನೋಡಿದ.

“ಗುಡ್ಡದವರೆಲ್ಲ ಎಂದು ಬರೆದಿದೆ. ಸದಸ್ಯನನ್ನು ಬಿಟ್ಟು ಎಂದು ಬರೆದಿಲ್ಲ. ಸದಸ್ಯ ಎದ್ದಿಲ್ಲ, ಅಂದರೆ ಒಪ್ಪಿದ್ದಾನೆ. ಇಲ್ಲೇ ಇದ್ದಾನೆ. ಅವನಿಂದಲೇ ಶುರು ಮಾಡೋಣ. ಇವತ್ತೇ ಹೊಳೆ ದಾಟಿಸಿ.”

ಎರಡು ಆನೆಗಳು ಮುಂದೆ ಬಂದವು. ಒಂದು ಸೊಂಡಿಲು ನರಿಯ ಸೊಂಟ ಸುತ್ತಿತು.

“ಬಿಡಿ! ಅಲ್ಲಿ ನೆರಳಿಲ್ಲ!” ನರಿ ಕಿರುಚಿದ. “ಒಂದು ಇಲಿ ಕೂಡ ಇಲ್ಲ! ಅಲ್ಲಿ ಯಾರು ಬದುಕ್ತಾರೆ?”

“ನಿನ್ನ ಜನ” ಎಂದ ಹಿರಿಯಾನೆ. “ನೀನೂ.”

“ಅವರು ನನ್ನ ಜನ ಅಲ್ಲ! ಆ ಬಿಲದಲ್ಲಿ ನಾನು ಒಂದು ದಿನವೂ ಮಲಗಿಲ್ಲ! ನನ್ನ ಮನೆ ಕಣಿವೇಲಿದೆ. ಈ ಕೋಣಗಳೇ ಗುಹೆ ಕೊಟ್ಟಿದ್ದು, ಬೇಕಾದರೆ ಕೇಳಿ!”

ಹನ್ನೆರಡು ಕೋಣಗಳೂ ನೆಲ ನೋಡಿದವು. ಸೊಂಡಿಲು ಸಡಿಲವಾಯಿತು.

“ಹಾಗಾದರೆ ಮೂರು ವರ್ಷದಿಂದ ಈ ಕಲ್ಲಿನ ಮೇಲೆ ಕೂತಿರೋನು ಯಾರು?” ಎಂದು ಹಿರಿಯಾನೆ ಕೇಳಿದ.

ನರಿಗೆ ತಾನು ಆಡಿದ ಮಾತು ಆಗ ಅರ್ಥವಾಯಿತು.

“ಇಳಿ” ಎಂದ ಹಿರಿಯಾನೆ.

ಇಳಿದ.

ನೆಲ್ಲಿಗುಡ್ಡದ ಒಪ್ಪಿಗೆ ಇಲ್ಲದ್ದರಿಂದ ಠರಾವು ಬಿದ್ದುಹೋಯಿತು. ಬಾಯಿಬಿಟ್ಟನೆಂಬ ಸಿಟ್ಟಿಗೆ ಕೋಣಗಳು ನರಿಯನ್ನು ಗುಹೆಯಿಂದ ಓಡಿಸಿದವು. ಕಾಡಿನಲ್ಲಿ ಬೇರೆ ಯಾರೂ ಅವನಿಗೆ ಜಾಗ ಕೊಡಲಿಲ್ಲ. ಅವನು ಹೊಳೆ ದಾಟಿ ಸುಡುಬಂಡೆಗೆ ಹೋದ.

ನೀತಿ: ನಮ್ಮ ಪರವಾಗಿ ಕೂರಲು ಒಬ್ಬನನ್ನು ಕಳಿಸಿದರಷ್ಟೇ ಸಾಲದು, ಅವನು ಯಾರು, ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ಕೇಳುತ್ತಿರಬೇಕು.