ಭಾರದ ಸೈಕಲ್ಲಿನ ಆಯುಧಪೂಜೆ

ಆಯುಧಪೂಜೆಯಲ್ಲಿ ಪೂಜೆಯಾದ ಗಾಡಿ ಕೆಲಸದಲ್ಲಿದೆ ಎಂದೇ ಅರ್ಥ. ಎರಕದ ಕಾರ್ಖಾನೆಯ ಶೆಡ್ಡಿನಲ್ಲಿದ್ದ ಗಾಡಿಗಳೆಲ್ಲ ಹಾಗೆಂದು ನಂಬಿದ್ದವು. ಒಂದು ಕಾಲಕ್ಕೆ ಎರಡು ಕ್ವಿಂಟಲ್ ಕಬ್ಬಿಣ ಹೊರುತ್ತಿದ್ದ ಭಾರದ ಸೈಕಲ್ಲಂತೂ ಮೂಲೆಯಲ್ಲಿ ಒಂಟಿಯಾಗಿ ನಿಂತು ಈ ನಂಬಿಕೆಯ ಮೇಲೆಯೇ ದಿನ ದೂಡುತ್ತಿತ್ತು. ಹಬ್ಬದ ಬೆಳಿಗ್ಗೆ ಸ್ಟೋರಿನ ಬೋರಲಿಂಗಯ್ಯ ಅದಕ್ಕೂ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿದ.

“ನೋಡಿದೆಯೇನಯ್ಯಾ?” ಎಂದು ಸೈಕಲ್ಲು ಹೊಸ ಬ್ಯಾಟರಿ ಗಾಡಿಯನ್ನು ಕೇಳಿತು. “ನಿನಗೆಷ್ಟು ಉದ್ದದ ಹಾರವೋ ನನಗೂ ಅಷ್ಟೇ. ನಾಳೆ ನಿಜವಾದ ಭಾರ ಬಂದರೆ ನನ್ನನ್ನೇ ಕರೆಯುತ್ತಾರೆ.”

“ಹಾರ ತೂಕದ ಯಂತ್ರಕ್ಕೂ ಬಿದ್ದಿದೆ ತಾತ. ಅದೇನು ಓಡುತ್ತದೆಯೇ?”

“ಅದಕ್ಕೆ ಚಕ್ರವಿಲ್ಲ. ನನ್ನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ನೋಡುತ್ತಿರು. ಓಡದ ಗಾಡಿಗೆ ಯಾರಾದರೂ ನಿಂಬೆಹಣ್ಣು ಇಡುತ್ತಾರೇನು?”

ಅಷ್ಟರಲ್ಲಿ ಬ್ಯಾಟರಿ ಗಾಡಿಯ ಸರದಿ ಬಂತು. ತನ್ನ ಚಕ್ರದಡಿಯ ಹಣ್ಣುಗಳನ್ನು ಪಚಕ್ಕನೆ ಜಜ್ಜಿ, ಉಳಿದ ಗಾಡಿಗಳ ಹಿಂದೆ ಅದು ಅಂಗಳಕ್ಕೆ ಹೊರಟಿತು. ಶೆಡ್ಡು ಖಾಲಿಯಾಯಿತು.

ಸೈಕಲ್ಲು ಬೆನ್ನು ನೆಟ್ಟಗೆ ಮಾಡಿಕೊಂಡು ಕಾಯಿತು. ಬೋರಲಿಂಗಯ್ಯ ಕೊನೆಯ ನಿಂಬೆಹಣ್ಣು ಹಿಡಿದು ಅದರ ಮುಂದೆ ಬಗ್ಗಿದ.

“ಅರೆ, ಇಲ್ಲಿ ಆಗಲೇ ಒಂದು ಇದೆಯಲ್ಲ!” ಎಂದವನೇ ಕೈಯಲ್ಲಿದ್ದ ಹಣ್ಣನ್ನು ಜೇಬಿಗಿಳಿಸಿ ಊಟಕ್ಕೆ ನಡೆದ.

ಮುಂದಿನ ಚಕ್ರದಡಿ ಹೋದ ವರ್ಷದ ನಿಂಬೆಹಣ್ಣು, ಒಣಗಿ ಕಪ್ಪಾಗಿ, ಇಡಿಯಾಗಿಯೇ ಇತ್ತು.