ಹತ್ತೊಂಬತ್ತನೆಯ ಉಲ್ಲೇಖ

"ಸರ್, ಒಂದು ಅಲ್ಪವಿರಾಮ ಜಾಗ ತಪ್ಪಿದರೆ ಯಾವ ಮಗುವಿನ ಜ್ವರ ಏರುತ್ತದೆ?" ಎಂದು ಸುಚೇತಾ ಕೇಳಿದಳು.

ಸುಚೇತಾ ಮಕ್ಕಳ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದ ವೈದ್ಯೆ. ಕೇಳಿದ್ದು ತನಗೆ ಹಿಂದೆ ವೈದ್ಯಶಾಸ್ತ್ರ ಕಲಿಸಿದ್ದ, ಈಗ ನಿವೃತ್ತರಾಗಿದ್ದ ಪ್ರೊಫೆಸರ್ ಮುದ್ದೇಬಿಹಾಳರನ್ನು. ಪ್ರಶ್ನೆಯಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಿತ್ತು.

ಎಳೆಯ ಮಕ್ಕಳ ಫಿಟ್ಸ್‌ಗೆ ಕೊಡುವ ಒಂದು ಔಷಧಿಯ ಪ್ರಮಾಣದ ಬಗ್ಗೆ ಅವಳು ಲೇಖನ ಬರೆದಿದ್ದಳು. ಅದು ಅಚ್ಚಾದರೆ ಅದರಲ್ಲಿರುವ ಪ್ರಮಾಣವನ್ನೇ ವಾರ್ಡಿನ ಗೋಡೆಯ ಪಟ್ಟಿಯಲ್ಲಿ ಹಾಕುವುದೆಂದು ವಿಭಾಗದಲ್ಲಿ ತೀರ್ಮಾನವಾಗಿತ್ತು. ಆದರೆ ಅಚ್ಚಾಗಬೇಕಲ್ಲ! ಮೊದಲನೆಯ ಪತ್ರಿಕೆಯವರು ಉಲ್ಲೇಖದ, ಅಂದರೆ ಆಧಾರವಾಗಿ ಕೊಟ್ಟ ಹಳೆಯ ಲೇಖನದ, ಸಂಖ್ಯೆಯನ್ನು ಕಂಸದಲ್ಲಿ ಹಾಕಿ ಎಂದರು. ಹಾಕಿದ ಮೇಲೆ ಲೇಖನವೇ ಬೇಡವೆಂದರು. ಎರಡನೆಯವರು ಕಂಸ ತೆಗೆದು ಸಂಖ್ಯೆಯನ್ನು ಪದದ ಹೆಗಲ ಮೇಲೆ ಕೂರಿಸಿ ಎಂದರು. ಆ ಹಳೆಯ ಲೇಖನಕ್ಕೆ ಲೇಖಕರು ಆರು ಮಂದಿಯಿದ್ದರೆ ಎಲ್ಲರ ಹೆಸರೂ ಬೇಕು. ಏಳನೆಯವನೊಬ್ಬ ಬಂದನೋ, ಆರರ ನಂತರ 'ಮತ್ತಿತರರು'. ವರ್ಷದ ನಂತರ ಅರ್ಧವಿರಾಮ, ಆಮೇಲೆ ಸಂಪುಟ, ಆಮೇಲೆ ಕಂಸದೊಳಗೆ ಸಂಚಿಕೆ, ಕೊನೆಗೆ ಪುಟ. ಇಂಥ ಉಲ್ಲೇಖಗಳು ನಲವತ್ತೆರಡು. ನಡುವೆ ಒಂದನ್ನು ಸೇರಿಸಿದರೆ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಸಲ ತಿದ್ದಿದ್ದಳು. ನಾಲ್ಕನೆಯ ಸಲ ನೋಡುವಾಗ ಯಾವುದು ತಪ್ಪು, ಯಾವುದು ತಿದ್ದಿದ್ದು ಎಂಬುದೇ ತಿಳಿಯದೆ ಅವಳ ತಲೆ ಮೊಸರುಗಡಿಗೆಯಾಗಿತ್ತು. ಲೇಖನ ಮರಳಿ ಕಳಿಸಲು ಅಂದೇ ಕೊನೆಯ ದಿನ.

ಗುರುಗಳು ಅವಳು ತಂದಿದ್ದ ಹಾಳೆಗಳನ್ನು ಒಂದೊಂದಾಗಿ ಓದಿದರು. ಒಂದು ಕಡೆ ಬಹಳ ಹೊತ್ತು ನಿಂತರು. ಆಮೇಲೆ ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ವೈದ್ಯನಿದ್ದ. ಆ ಸೀಮೆಯ ವೈದ್ಯರಲ್ಲಿ ಒಂದು ಪದ್ಧತಿಯಿತ್ತು. ಯಾವ ಮದ್ದನ್ನು ಪುಸ್ತಕದಲ್ಲಿ ಬರೆದುಕೊಂಡರೂ ಅದರ ಕೆಳಗೆ ಒಂದು ಸಾಲು ಬರೆಯಬೇಕು. ಹೇಳಿದವರ ಹೆಸರು, ಅವರ ಊರು, ಹೇಳಿದ ತಿಂಗಳು. ಆ ಸಾಲಿಲ್ಲದ ಮದ್ದನ್ನು ಅಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಈ ವೈದ್ಯನಿಗೆ ತನ್ನ ಸಾಲುಗಳ ಮೇಲೆ ಎಲ್ಲಿಲ್ಲದ ಹೆಮ್ಮೆ. ಹೆಸರನ್ನು ಕೆಂಪು ಮಸಿಯಲ್ಲಿ ಬರೆಯುತ್ತಿದ್ದ, ಊರನ್ನು ಕಪ್ಪು ಮಸಿಯಲ್ಲಿ. ಬಂದವರಿಗೆ ಮದ್ದು ಕೊಡುವ ಮೊದಲು ಪುಸ್ತಕ ತೋರಿಸುತ್ತಿದ್ದ.

ಒಮ್ಮೆ ಒಬ್ಬ ತಾಯಿ ಕೆಮ್ಮುವ ಮಗುವನ್ನು ಎತ್ತಿಕೊಂಡು ಬಂದಳು. ವೈದ್ಯ ಪುಸ್ತಕ ತೆರೆದ. 'ಮಕ್ಕಳ ಕೆಮ್ಮಿಗೆ ಒಂದು ಬೆರಳುದ್ದ ಬೇರು ತೇದು ಕುಡಿಸುವುದು' ಎಂದಿತ್ತು. ಬೇರಿನ ಹೆಸರೂ ಇತ್ತು. ಕೆಳಗೆ ಪಕ್ಕದ ಊರಿನ ವೈದ್ಯನ ಹೆಸರು, ಊರು, ತಿಂಗಳು, ಮೂರೂ ಸರಿಯಾಗಿದ್ದವು. ಬೇರು ತೇದು ಕುಡಿಸಿದ. ಕೆಮ್ಮು ನಿಂತಿತು. ಮಗು ಮಲಗಿತು. ಮರುದಿನ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ತಾಯಿ ಒಂದು ಪಕ್ಕ, ವೈದ್ಯ ಒಂದು ಪಕ್ಕ, ಅದರ ಉಸಿರನ್ನೇ ನೋಡುತ್ತ ಕೂತರು. ಮೂರನೆಯ ದಿನ ಮಗು ಕಣ್ಣು ಬಿಟ್ಟು ಅತ್ತಿತು.

"ಇದು ಯಾರು ಹೇಳಿದ ಮದ್ದು?" ಎಂದು ತಾಯಿ ಕೇಳಿದಳು. ವೈದ್ಯ ಪುಸ್ತಕದ ಸಾಲನ್ನು ತೋರಿಸಿದ.

"ಹೆಸರನ್ನು ಚೆನ್ನಾಗಿ ಬರೆದಿದ್ದೀರಿ. ಅವರಿಗೆ ಹೇಗೆ ಗೊತ್ತಾಯಿತೆಂದು ಕೇಳಿದಿರಾ?"

ಕೇಳಿರಲಿಲ್ಲ. ವೈದ್ಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂದೇ ಹೊರಟ. ಪಕ್ಕದ ಊರಿನ ವೈದ್ಯ ತನ್ನ ಪುಸ್ತಕ ತೆರೆದು ತೋರಿಸಿದ. ಅಲ್ಲಿಯೂ ಅಚ್ಚುಕಟ್ಟಾದ ಒಂದು ಸಾಲು. ಹೊಳೆದಂಡೆಯ ಊರಿನ ಸೂಲಗಿತ್ತಿ ಹೇಳಿದ್ದು ಎಂದಿತ್ತು. ಅವನು ಆ ಮದ್ದನ್ನು ಯಾರಿಗೂ ಕೊಟ್ಟಿರಲಿಲ್ಲ. ಬರೆದಿಟ್ಟುಕೊಂಡಿದ್ದ, ಕೇಳಿದವರಿಗೆ ಹೇಳಿದ್ದ, ಅಷ್ಟೆ. ಹೊಳೆದಂಡೆಯ ಊರಿಗೆ ಹೋದರೆ, ಸೂಲಗಿತ್ತಿ ತಾನು ಮಗುವಿನ ಮಾತನ್ನೇ ಎತ್ತಿರಲಿಲ್ಲವೆಂದಳು. ಕೆಮ್ಮಿಗೆ ಎಂದಷ್ಟೇ ಹೇಳಿದ್ದಳಂತೆ. ಸೂಲಗಿತ್ತಿ ಹೇಳಿದ ಮೇಲೆ ಮಗುವಿಗಲ್ಲದೆ ಇನ್ನಾರಿಗೆ ಎಂದುಕೊಂಡು ಪಕ್ಕದ ಊರಿನವನೇ 'ಮಕ್ಕಳ' ಎಂದು ಸೇರಿಸಿಕೊಂಡಿದ್ದ. ಅವಳೂ ಅದನ್ನು ಯಾರಿಗೂ ಕುಡಿಸಿದವಳಲ್ಲ. ಒಬ್ಬ ಉಪ್ಪಿನ ವ್ಯಾಪಾರಿ ಹೇಳಿದ್ದನ್ನು ಕೇಳಿದ್ದಳು.

ವೈದ್ಯನಿಗೆ ತಲೆಬುಡ ತಿಳಿಯಲಿಲ್ಲ. ಹೋದಲ್ಲೆಲ್ಲ ಒಂದು ಹೆಸರು ಸಿಗುತ್ತಿತ್ತು. ಮದ್ದು ಕೊಟ್ಟು ನೋಡಿದವರು ಮಾತ್ರ ಸಿಗುತ್ತಿರಲಿಲ್ಲ. ಕಾಲಿಗೆ ಬೊಕ್ಕೆ ಬಂದರೂ ನಡೆದ. ಕೊನೆಗೆ ಒಂದು ಸಂತೆಯಲ್ಲಿ ವ್ಯಾಪಾರಿ ಸಿಕ್ಕ. ವೈದ್ಯನನ್ನು ಕಂಡೊಡನೆ ಎದ್ದು ಕೈಮುಗಿದ.

"ಆ ಬೇರಿನ ಮದ್ದನ್ನು ನಿನಗೆ ಹೇಳಿದವರು ಯಾರಪ್ಪ?"

"ಇದೇನು ಸ್ವಾಮಿ, ನೀವೇ ಅಲ್ಲವೆ? ಹತ್ತು ವರ್ಷದ ಕೆಳಗೆ ನನ್ನ ಗಾಡಿಯಲ್ಲಿ ಬಂದಿರಿ. ದಾರಿಯುದ್ದಕ್ಕೂ ನನ್ನ ಎತ್ತು ಕೆಮ್ಮುತ್ತಿತ್ತು. ಒಂದು ಬೆರಳುದ್ದ ತೇದು ಕುಡಿಸು ಎಂದಿರಿ. ನೋಡಿ, ಎತ್ತು ಇವತ್ತಿಗೂ ಗಟ್ಟಿಮುಟ್ಟಾಗಿದೆ."

ವೈದ್ಯ ಉಪ್ಪಿನ ಮೂಟೆಯ ಪಕ್ಕದಲ್ಲೇ ಕುಸಿದು ಕೂತ.

ಗುರುಗಳು ಕತೆ ನಿಲ್ಲಿಸಿದರು. ಎತ್ತಿನ ಮಾತು ಬಂದಾಗ ಸುಚೇತಾ ನಕ್ಕಿದ್ದಳು. ಈಗ ಮತ್ತೆ ಗೊಂದಲಕ್ಕೆ ಬಿದ್ದಳು. ಅಲ್ಪವಿರಾಮದ ವಿಷಯ ಕೇಳಿದರೆ ಇವರು ಎತ್ತಿನ ಕತೆ ಹೇಳುತ್ತಿದ್ದಾರೆ. ಆ ಕತೆ ತನ್ನ ಪರವಾಗಿದೆಯೋ ವಿರೋಧವಾಗಿದೆಯೋ ಅವಳಿಗೆ ತಿಳಿಯಲಿಲ್ಲ.

"ಹಾಗಾದರೆ ಹೆಸರು, ಊರು, ತಿಂಗಳು ಬರೆದು ಏನು ಬಂತು, ಸರ್?"

"ಅದನ್ನು ಬರೆದಿದ್ದರಿಂದಲೇ ಅವನಿಗೆ ನಡೆಯಲು ದಾರಿಯಿತ್ತು. ಊರಿನ ಹೆಸರು ತಪ್ಪಿದ್ದರೆ ಮೊದಲನೆಯ ಮನೆಯನ್ನೂ ಮುಟ್ಟುತ್ತಿರಲಿಲ್ಲ. ನಿನ್ನ ಅಲ್ಪವಿರಾಮದ ಕೆಲಸವೂ ಅಷ್ಟೆ."

ಹೀಗೆ ಹೇಳಿ ಅವರು ಕೊನೆಯ ಹಾಳೆಯನ್ನು ಅವಳ ಕಡೆ ತಿರುಗಿಸಿ, ಹತ್ತೊಂಬತ್ತನೆಯ ಉಲ್ಲೇಖದ ಮೇಲೆ ಬೆರಳಿಟ್ಟರು. ಸುಚೇತಾ ಬಗ್ಗಿ ನೋಡಿದಳು. ಅದು ಗುರುಗಳದೇ ಹಳೆಯ ಲೇಖನ. ಆರು ತಿಂಗಳೊಳಗಿನ ಮಕ್ಕಳಿಗೆ ಎಷ್ಟು ಔಷಧಿ ಕೊಡಬೇಕೆಂಬ ವಾಕ್ಯಕ್ಕೆ ಅವಳು ಅದನ್ನು ಆಧಾರವಾಗಿ ಕೊಟ್ಟಿದ್ದಳು. ಆ ಸಂಪುಟ ಗ್ರಂಥಾಲಯದಲ್ಲಿ ಸಿಕ್ಕಿರಲಿಲ್ಲ. ತನಗಿಂತ ಹಿರಿಯರೊಬ್ಬರ ಲೇಖನದಲ್ಲಿ ವಾಕ್ಯವೂ ಉಲ್ಲೇಖವೂ ಒಟ್ಟಿಗೇ ಇದ್ದುದರಿಂದ ಹಾಗೆಯೇ ಎತ್ತಿಕೊಂಡಿದ್ದಳು. ತಮ್ಮ ಹೆಸರು ಕಂಡು ಗುರುಗಳಿಗೆ ಸಂತೋಷವಾದೀತೆಂದೂ ಎಣಿಸಿದ್ದಳು. ಮನೆತನದ ಹೆಸರು ಮೊದಲು, ಆಮೇಲೆ ಇನಿಷಿಯಲ್, ವರ್ಷ, ಅರ್ಧವಿರಾಮ, ಸಂಪುಟ, ಸಂಚಿಕೆ, ಪುಟ. ಎರಡು ಸಲ ಬೆರಳಿಟ್ಟು ಓದಿದಳು. ಎಲ್ಲ ಇರಬೇಕಾದ ಜಾಗದಲ್ಲೇ ಇದ್ದವು.

"ಇದರಲ್ಲಿ ತಪ್ಪು ಎಲ್ಲಿದೆ, ಸರ್?"

"ಸಾಲಿನಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ, ತಾಯಿ, ಆದರೆ ನನ್ನ ಲೇಖನ ದೊಡ್ಡವರ ಫಿಟ್ಸ್ ಬಗ್ಗೆ, ಆ ಔಷಧಿಯನ್ನು ನಾನು ಒಂದು ಮಗುವಿಗೂ ಕೊಟ್ಟವನಲ್ಲ."